ದೇವಣಿ ಜೋಡಿಯ ಹದಿನಾರು ನಾಲ

ನನಗೊಂದು ಕೆಟ್ಟ ಚಾಳಿ ಇದೆ. ಯಾರೇ ಎದುರಿಗೆ ಬರಲಿ, ನನ್ನ ಕಣ್ಣು ಮೊದಲು ಹೋಗುವುದು ಅವರ ಕಾಲಿಗೆ. ಮುಖ ನೋಡುವುದು ಆಮೇಲೆ, ಅದೂ ನೆನಪಾದರೆ. ಜೇವರ್ಗಿಯ ಬಜಾರದಲ್ಲಿ ಯಾರೋ ಸಲಾಂ ಹೇಳಿ ಮುಂದೆ ಹೋಗುತ್ತಾರೆ. ಯಾರೆಂದು ತಿಳಿಯುವುದಿಲ್ಲ. ಹತ್ತು ಹೆಜ್ಜೆ ಆಚೆ ಹೋದ ಮೇಲೆ ಹಿಂದಿನಿಂದ ಅವರ ನಡಿಗೆ ನೋಡಿ, ‘ಓಹೋ, ಇವರು ಬಳೆ ಅಂಗಡಿಯವರಲ್ಲವೇ’ ಎಂದು ಗುರುತು ಹಿಡಿಯುತ್ತೇನೆ. ಅಷ್ಟೊತ್ತಿಗೆ ಅವರು ನನ್ನನ್ನು ಸೊಕ್ಕಿನ ಮನುಷ್ಯ ಎಂದುಕೊಂಡು ಹೋಗಿಬಿಟ್ಟಿರುತ್ತಾರೆ.

ಮಗನಿಗೆ ಹೆಣ್ಣು ನೋಡಲು ಅಫಜಲಪುರಕ್ಕೆ ಹೋಗಿದ್ದೆವು. ಹುಡುಗಿ ಚಹಾದ ತಟ್ಟೆ ಹಿಡಿದುಕೊಂಡು ಬಂದಳು, ಕೊಟ್ಟಳು, ಒಳಗೆ ಹೋದಳು. ಅಂಗಳಕ್ಕೆ ಬಂದ ಮೇಲೆ ನನ್ನ ಮನೆಯಾಕೆ ಖಾಜಾಬಿ ಮೆಲ್ಲಗೆ ಕೇಳಿದಳು.

“ಹ್ಯಾಂಗ ಅನಸ್ತು ಹುಡುಗಿ?”

“ಹೆಜ್ಜಿ ಸಮ ಇಡ್ತಾಳ. ಹಿಮ್ಮಡ ಗಟ್ಟಿ ಅದ. ಎಡಗಾಲು ಒಂದೀಟು ಹೊರಗ ಚಾಚ್ತಾಳ, ಆದ್ರ ಅದೇನು ತ್ರಾಸಿಲ್ಲ.”

“ಯಾ ಅಲ್ಲಾ! ಸೊಸಿ ನೋಡಾಕ ಬಂದೀರೋ ಎತ್ತ ನೋಡಾಕ ಬಂದೀರೋ?”

ಸೊಸೆಯ ಮುಖ ಹೇಗಿದೆಯೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಚೆನ್ನಾಗಿಯೇ ಇತ್ತು.

ಈ ಚಾಳಿ ಕಸಬಿನಿಂದ ಬಂದದ್ದು. ನಾನು ನಾಲಬಂದ. ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಹೊಡೆಯುವವನು. ಓದಿದ್ದು ನಾಲ್ಕನೇ ಈಯತ್ತೆ; ಐದನೆಯದಕ್ಕೆ ಕಾಲಿಡುವಷ್ಟರಲ್ಲಿ ಅಪ್ಪ ಕೈಗೆ ಇಕ್ಕಳ ಕೊಟ್ಟ. ಆದ್ದರಿಂದ ಈ ಬರಹದಲ್ಲಿ ತಪ್ಪು ಕಂಡರೆ ಧಾರಾಳವಾಗಿ ಹೇಳಿ, ಒಪ್ಪಿಕೊಳ್ಳುತ್ತೇನೆ. ಗೊರಸು ಕೆತ್ತುವುದರಲ್ಲಿ ತಪ್ಪು ಹೇಳಿದರೆ ಮಾತ್ರ ಜಗಳ ಆಗುತ್ತದೆ.

ಮೊಮ್ಮಗಳು ಮಹೆಕ್ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಎಲ್ಲರೂ ಅವಳ ಮುಖಕ್ಕೆ ಬಾಗಿ, ಮೂಗು ಅವರದು, ಹಣೆ ಇವರದು ಎಂದು ಪಾಲು ಹಂಚಿಕೊಳ್ಳುತ್ತಿದ್ದರು. ನಾನು ಬಟ್ಟೆ ಸರಿಸಿ ಅಂಗಾಲು ನೋಡಿದೆ. ಒಂದೊಂದು ಅಂಗಾಲೂ ನನ್ನ ಹೆಬ್ಬೆರಳಿನಷ್ಟೇ ಉದ್ದ ಇತ್ತು. ಇನ್ನೂ ಭೂಮಿಯನ್ನೇ ಮುಟ್ಟದ ಕಾಲು! ಎಪ್ಪತ್ತು ವರ್ಷದ ಬದುಕಿನಲ್ಲಿ ಸಾವಿರಾರು ಕಾಲು ಕೈಯಲ್ಲಿ ಹಿಡಿದಿದ್ದೇನೆ, ಎಲ್ಲವೂ ಎಲ್ಲೆಲ್ಲೋ ನಡೆದು ದಣಿದು ಬಂದವು. ಒಂದು ಹೆಜ್ಜೆಯೂ ನಡೆಯದ ಕಾಲನ್ನು ಹಿಡಿದದ್ದು ಅವತ್ತೇ. ಕಣ್ಣಲ್ಲಿ ನೀರು ಬಂತು. ನರ್ಸಮ್ಮ, “ಮುತ್ಯಾ, ಕೂಸಿನ ಕಾಲು ಬಿಡ್ರಿ, ಥಂಡಿ ಆಗ್ತದ” ಎಂದು ಗದರಿಸಿದರು. ಬಿಟ್ಟೆ. ಆದರೆ ಅವತ್ತು ಉಕ್ಕಿದ ಖುಷಿ ಇವತ್ತಿಗೂ ಇಳಿದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವಳ ಕಾಲಿನ ಫೋಟೊ ತೋರಿಸುತ್ತೇನೆ.

ಇಷ್ಟು ಖುಷಿಯ ಮನುಷ್ಯ ಅಳುವ ವಿಷಯ ಬರೆಯಲು ಯಾಕೆ ಕೂತ ಎಂದು ನೀವು ಕೇಳಬಹುದು. ಮನೆಯೊಳಗೆ ಒಂದು ಹೊಸ ಜೋಡಿ ಕಾಲು ಬಂದ ವರ್ಷವೇ ಹೊರಗೆ ನನ್ನ ಕೈಗೆ ಸಿಗುತ್ತಿದ್ದ ಕಾಲುಗಳೆಲ್ಲ ಮುಗಿದುಹೋದವು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ತಿರುಗುವುದು ನನಗೆ ತ್ರಾಸಾಗುತ್ತಿದೆ.

ನಮ್ಮ ಮುತ್ತಜ್ಜ ನಿಜಾಮರ ಕಾಲದಲ್ಲಿ ಜಾಗೀರದಾರರ ಕುದುರೆಗಳಿಗೆ ನಾಲ ಹೊಡೆಯುತ್ತಿದ್ದನಂತೆ. ಕುದುರೆ ಹಟದ ಪ್ರಾಣಿ, ಒಂದು ಕಾಲಿಗೆ ಒಂದೇ ಗೊರಸು, ಒಂದೇ ನಾಲ. ಎತ್ತು ಹಾಗಲ್ಲ. ಅದರ ಗೊರಸು ಸೀಳಿ ಎರಡಾಗಿರುತ್ತದೆ, ಕಾಲಿಗೆ ಎರಡು ನಾಲ ಬೇಕು, ನಾಲ್ಕು ಕಾಲಿಗೆ ಎಂಟು. ಮುಂದಿಡುವ ಪ್ರತಿ ಹೆಜ್ಜೆಗೂ ಎರಡು ಸಲ ವಿಚಾರ ಮಾಡುವ ಪ್ರಾಣಿ ಎಂದು ನನ್ನ ಅಪ್ಪ ಹೇಳುತ್ತಿದ್ದ. ಜಾಗೀರ ಹೋಯಿತು, ಕುದುರೆ ಹೋದವು. ಅಜ್ಜ ಟಾಂಗಾ ಕುದುರೆಗಳಿಗೆ ಇಳಿದ. ಬಸ್ಸು ಬಂದವು, ಟಾಂಗಾ ಹೋದವು. ಅಪ್ಪ ಎತ್ತುಗಳ ಕಡೆ ಹೊರಳಿದ. ಈಗ ಎತ್ತೂ ಹೋದವು. ನಾನು ಯಾವ ಕಡೆ ಹೊರಳಬೇಕು? ಮಗ ಹೈವೇ ಬದಿಗೆ ಟ್ರ್ಯಾಕ್ಟರ್ ಟೈರಿನ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅದೂ ಒಂದು ರೀತಿಯಲ್ಲಿ ಕಾಲಿನ ಕೆಲಸವೇ ಅನ್ನಿ. ಆದರೆ ಟೈರು ಮೂಸುವುದಿಲ್ಲ, ಉಸಿರು ಬಿಡುವುದಿಲ್ಲ, ಕೆಲಸ ಮುಗಿದ ಮೇಲೆ ನಿಮ್ಮ ಬೆನ್ನು ನೆಕ್ಕುವುದಿಲ್ಲ.

ಎತ್ತುಗಳಲ್ಲಿ ನಾನು ಪ್ರಾಣ ಬಿಡುವುದು ದೇವಣಿಗೆ. ಬೀದರ ಕಡೆಯಿಂದ ಇಳಿದು ಆಳಂದದ ಕರಿ ಹೊಲಗಳಲ್ಲಿ ನೆಲೆ ನಿಂತ ತಳಿ. ಬಿಳಿ ಮೈ, ಉಬ್ಬಿದ ಹಣೆ, ಇಳಿಬಿದ್ದ ಉದ್ದ ಕಿವಿ, ಕೊರಳ ಕೆಳಗೆ ಸೀರೆಯ ಸೆರಗಿನಂತೆ ತೂಗುವ ಗಂಗೆದೊಗಲು. ಮೈಯೆಲ್ಲ ಬಿಳಿ ಇದ್ದು ಮುಖ ಮಾತ್ರ ಕಪ್ಪಿದ್ದರೆ ಅದಕ್ಕೆ ವಾನೇರಾ ಎನ್ನುತ್ತಾರೆ. ಮುಖದ ಮೇಲೆ ಕೋಪ ಇರುವ ಹಾಗೆ ಕಾಣುತ್ತದೆ, ಒಳಗೆ ಬೆಣ್ಣೆ. ನಮ್ಮ ಕರಿ ಮಣ್ಣು ಮಳೆಗಾಲದಲ್ಲಿ ಬೂಟನ್ನೇ ನುಂಗುತ್ತದೆ. ಅದರೊಳಗೆ ದೊಡ್ಡ ನೇಗಿಲು ಎಳೆಯುವುದಕ್ಕೆ ಓಡುವ ಎತ್ತು ಕೆಲಸಕ್ಕೆ ಬಾರದು, ತೂಕದ ಎತ್ತು ಬೇಕು. ನಾನು ಸಣ್ಣವನಿದ್ದಾಗ ಮಟಕಿ ಊರಲ್ಲಿ ಒಂದೇ ನೇಗಿಲಿಗೆ ಎಂಟು ದೇವಣಿ ಕಟ್ಟಿ ಕರಿಕೆ ಹುಲ್ಲಿನ ಬೇರು ಕಿತ್ತದ್ದನ್ನು ನೋಡಿದ್ದೇನೆ. ನೆಲ ಹರಿದ ಸಪ್ಪಳ ಮನೆಯ ಗೋಡೆಗೆ ಬರುತ್ತಿತ್ತು. ಎಂಟೆಂಟಲೇ ಅರವತ್ನಾಲ್ಕು ನಾಲ. ನನಗೆ ಎಂಟರ ಮಗ್ಗಿ ಬಾಯಿಪಾಠ ಬಂದದ್ದು ಶಾಲೆಯಲ್ಲಲ್ಲ.

ಗೊರಸಿನ ವಿಷಯ ಹೇಳದೆ ಮುಂದೆ ಹೋದರೆ ಕೈ ಸುಮ್ಮನಿರುವುದಿಲ್ಲ. ಖಿಲಾರಿ ತಳಿಯ ಎತ್ತಿನ ಗೊರಸು ಚೂಪು, ಅವಸರದ್ದು, ನಿಂತಲ್ಲಿ ನಿಲ್ಲುವುದಿಲ್ಲ. ಈಗಿನ ಜರ್ಸಿ ದನಗಳ ಗೊರಸು ಚಹಾದಲ್ಲಿ ಅದ್ದಿದ ಬಿಸ್ಕೀಟು. ದೇವಣಿಯದು ಬೀಸುವ ಕಲ್ಲು. ಕಪ್ಪು, ದುಂಡು, ಬಿಗಿ. ಮೊಳೆ ಹೊಡೆದರೆ ‘ಠಕ್’ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತದೆ. ಆ ಸಪ್ಪಳ ಮೆತ್ತಗಾಯಿತೆಂದರೆ ಮೊಳೆ ಗೊರಸಿನೊಳಗಿನ ಹಸಿ ಜೀವದ ಕಡೆ ಹೊರಟಿದೆ ಎಂದು ಅರ್ಥ, ಕೂಡಲೇ ಹಿಂದಕ್ಕೆ ಎಳೆಯಬೇಕು. ಅದನ್ನು ಕಿವಿಯಿಂದ ಕಲಿಯಬೇಕು, ಬಾಯಿಯಿಂದ ಹೇಳಿಕೊಡಲು ಬರುವುದಿಲ್ಲ. ಈಗ ಕಲಿಯಲಿಕ್ಕೆ ಕಿವಿಯೂ ಇಲ್ಲ, ಕಲಿಸಲಿಕ್ಕೆ ಗೊರಸೂ ಇಲ್ಲ.

ಒಂದು ಕಾಲಕ್ಕೆ ವಾರದಲ್ಲಿ ಒಂದು ದಿನ ಆಳಂದ, ಒಂದು ದಿನ ಅಫಜಲಪುರ, ಉಳಿದ ದಿನ ಜೇವರ್ಗಿ. ಅಮಾವಾಸ್ಯೆಗೆ ಮೊದಲು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಬಂಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಕಬ್ಬಿನ ಹಂಗಾಮಿನಲ್ಲಿ ಡಾಂಬರು ರಸ್ತೆಯ ಮೇಲೆ ಬಂಡಿ ಎಳೆಯುವ ಎತ್ತುಗಳಿಗೆ ನಾಲ ಎಷ್ಟು ಹೊಡೆದರೂ ಸಾಲುತ್ತಿರಲಿಲ್ಲ. ಕಳೆದ ವರ್ಷ ನನ್ನ ಕೈಯಲ್ಲಿ ಉಳಿದದ್ದು ಒಂದೇ ಒಂದು ದೇವಣಿ ಜೋಡಿ, ಮಟಕಿಯ ಶರಣಪ್ಪನದು. ಅವನ ಅಪ್ಪನ ಎತ್ತುಗಳಿಗೆ ನನ್ನ ಅಪ್ಪ ನಾಲ ಹೊಡೆದಿದ್ದ. ಅದೇ ಮನೆ, ಅದೇ ತಳಿ, ಅದೇ ಕಸಬು. ಈ ವರ್ಷ ಬೇಸಿಗೆಯಲ್ಲಿ ಶರಣಪ್ಪನ ಫೋನ್ ಬಂತು. ದನಿ ಕೇಳಿದ ಕೂಡಲೇ ಏನೋ ಆಗಿದೆ ಎಂದು ತಿಳಿಯಿತು.

“ಚಾಚಾ, ಎಡಗಡೀದು ಹೋತು. ಚರ್ಮಗಂಟು ರೋಗ. ಸರದಾರ ಒಂಟಿ ಆದ.”

ಸರದಾರ ಅವನ ಬಲಗಡೆಯ ಎತ್ತು. ಕಪ್ಪು ಮುಖದ ವಾನೇರಾ. ನೊಗದ ಬಲಕ್ಕೆ ಕಲಿತ ಎತ್ತು ಬಲಕ್ಕೇ ಸೈ, ಎಡಕ್ಕೆ ಹೂಡಿದರೆ ನಮ್ಮನ್ನು ಹುಚ್ಚರೆಂದು ತಿಳಿದು ನಿಂತುಬಿಡುತ್ತದೆ. ಅದಕ್ಕೆ ಎಡಗಡೆಯ ಜೊತೆಗಾರ ಬೇಕು, ಅದೇ ಎತ್ತರದವನು, ಅದೇ ತೂಕದವನು. ಖಿಲಾರಿಯ ಜೊತೆ ಹೂಡಿ ನೋಡಿದ್ದನಂತೆ. ಖಿಲಾರಿ ಮುಂದೆ ಓಡುತ್ತದೆ, ಸರದಾರ ತನ್ನ ಗತ್ತಿನಲ್ಲಿ ಬರುತ್ತಾನೆ, ನೊಗ ಓರೆಯಾಗಿ ಎರಡೂ ಹೆಗಲು ಹುಣ್ಣಾದವು.

“ಕಾರ ಹುಣ್ಣಿಮಿ ತನಕ ನೋಡ್ತೇನಿ ಚಾಚಾ. ಜೋಡಿ ಸಿಗಲಿಲ್ಲಂದ್ರ ತೊಗರಿ ಬಿತ್ತಾಕ ಟ್ರ್ಯಾಕ್ಟರ್ ಕರಸ್ತೇನಿ. ಒಮ್ಮಿ ಟ್ರ್ಯಾಕ್ಟರ್ ಹೊಲದಾಗ ಇಳೀತಂದ್ರ ಸರದಾರ ಮತ್ತ ಇಳಿಯಂಗಿಲ್ಲ. ನಿಂತಲ್ಲೇ ನಿಂತು ಮುದುಕ ಆಗ್ತಾನ.”

“ಹಂಗ ಅನಬ್ಯಾಡೋ. ಮೂರು ತಾಲ್ಲೂಕಿನ ಎತ್ತಿನ ಕಾಲು ನನಗ ಗೊತ್ತವ. ನಾ ಹುಡುಕ್ತೇನಿ.”

ಹುಡುಕಿದೆ. ಆಳಂದದ ಸಂತೆಗೆ ಹೋದೆ, ಅಫಜಲಪುರಕ್ಕೆ ಹೋದೆ. ಗುರುತಿದ್ದವರಿಗೆಲ್ಲ ಫೋನ್ ಮಾಡಿ ದೇವಣಿ ಎತ್ತು ಇದ್ದರೆ ಫೋಟೊ ಕಳಿಸಿ, ಮುಖದ್ದಲ್ಲ ಕಾಲಿನದು ಎಂದು ಹೇಳಿದೆ. ಜನ ಈಗ ಫೋಟೊ ಎಂದರೆ ತಮ್ಮ ಮುಖ ಇಲ್ಲದೆ ತೆಗೆಯುವುದೇ ಇಲ್ಲ. ಎತ್ತಿನ ಕೊರಳಿಗೆ ಕೈ ಹಾಕಿ ಹಲ್ಲು ಕಿರಿದವರ ಫೋಟೊ ಹತ್ತಾರು ಬಂದವು. ಒಬ್ಬ ಪುಣ್ಯಾತ್ಮ ಎತ್ತಿನ ಗೊರಸಿನ ಪಕ್ಕ ತನ್ನ ಹೊಸ ಚಪ್ಪಲಿ ಇಟ್ಟು ಕಳಿಸಿದ್ದ. ಚಪ್ಪಲಿ ಚೆನ್ನಾಗಿತ್ತು. ಗೊರಸು ಖಿಲಾರಿಯದು. ಒಂದು ಕಾಲಕ್ಕೆ ಸಂತೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬಿಳಿ ಬೆನ್ನು ಕಾಣುತ್ತಿದ್ದ ಜಾಗದಲ್ಲಿ ನಿಂತು, ಒಂದೇ ಒಂದು ಎಡಗಡೆಯ ಎತ್ತಿಗಾಗಿ ಹುಡುಕಿದ ಆ ದಿನಗಳಲ್ಲಿ ನಾನು ಹತ್ತು ವರ್ಷ ಮುದುಕನಾದೆ. ತಳಿ ಎನ್ನುವುದು ಒಂದೇ ದಿನ ಸಾಯುವುದಿಲ್ಲ. ಮೊದಲು ಹೋರಿ ಸಿಗುವುದಿಲ್ಲ, ಆಮೇಲೆ ಆಕಳು ಮಾರಿಹೋಗುತ್ತದೆ, ಕೊನೆಗೆ ಎಲ್ಲೋ ಒಂದು ಎತ್ತು ತನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತ ನಿಂತಿರುತ್ತದೆ.

ಕಾರ ಹುಣ್ಣಿಮೆಗೆ ಹದಿನೈದು ದಿನ ಇತ್ತು. ಅಮಾವಾಸ್ಯೆ. ಯಾವುದಾದರೂ ಬಂಡಿ ಬಂದಿರಬಹುದೆಂದು ಘತ್ತರಗಿಗೆ ಹೋದೆ. ಬಂದದ್ದೆಲ್ಲ ಜೀಪು, ಆಟೊ, ಬೈಕು. ಬೇಸರದಿಂದ ಭೀಮಾ ನದಿಯ ದಂಡೆಗೆ ಇಳಿದೆ. ದನಗಳು ನೀರು ಕುಡಿಯುವ ಜಾಗದ ಹಸಿ ಮಣ್ಣಿನಲ್ಲಿ ಹತ್ತೆಂಟು ಹೆಜ್ಜೆಗಳ ನಡುವೆ ಒಂದು ಹೆಜ್ಜೆ. ದುಂಡು. ಆಳ. ಬೀಸುವ ಕಲ್ಲು. ನನ್ನ ಎದೆ ಹೊಡೆದುಕೊಂಡಿತು. ಎಡ ಹೊರಗಿನ ಗೊರಸಿನ ಅಚ್ಚು ಹೆಚ್ಚು ಆಳ ಇತ್ತು, ಎಂದರೆ ನೊಗದ ಎಡಕ್ಕೆ ಎಳೆದು ಎಳೆದು ಪಳಗಿದ ಕಾಲು! ಹೆಜ್ಜೆ ಹಿಡಿದು ಹೊರಟೆ. ಬೇಲಿ ದಾಟಿ, ಕಬ್ಬಿನ ಹೊಲದ ಬದುವಿನ ಮೇಲೆ ಹಾಯ್ದು, ಒಂದು ತಗಡಿನ ಮನೆಯ ಅಂಗಳಕ್ಕೆ ಮುಟ್ಟಿದೆ. ಬೇವಿನ ನೆರಳಲ್ಲಿ ಅದು ನಿಂತಿತ್ತು. ಬಿಳಿ ಮೈ, ಕಪ್ಪು ಮುಖ.

ಮನೆಯ ಯಜಮಾನತಿ ಭೀಮಾಬಾಯಿ. ನನಗಿಂತ ಹತ್ತು ವರ್ಷ ಸಣ್ಣಾಕೆ ಇರಬಹುದು. ಬಾಗಿಲ ಮೇಲೆ ಬುದ್ಧನ ಫೋಟೊ, ಅದರ ಪಕ್ಕ ತೀರಿಹೋದ ಗಂಡನ ಫೋಟೊ. ಗಂಡ ಕಬ್ಬಿನ ಬಂಡಿ ಹೊಡೆಯುತ್ತಿದ್ದನಂತೆ. ಅವನು ಹೋದ ವರ್ಷವೇ ಜೋಡಿಯ ಇನ್ನೊಂದು ಎತ್ತೂ ಹೋಯಿತಂತೆ. ಉಳಿದದ್ದು ಇದು. ಹೆಸರು ಮುತ್ಯಾ, ಎಂದರೆ ನಮ್ಮ ಕಡೆ ಅಜ್ಜ.

“ಕರು ಇದ್ದಾಗ್ಲೇ ಮುತ್ಯಾನಂಗ ನಿಧಾನ ನೋಡ್ತಿತ್ತು ಅಣ್ಣಾ. ಅದಕ್ಕ ಮುತ್ಯಾ ಅಂತ ಇಟ್ರು ನಮ್ಮ ಮನ್ಯಾಗಿನವ್ರು.”

ನಾನು ಮುತ್ಯಾನ ಕಾಲೆತ್ತಿ ನೋಡಿದೆ. ಬರಿಗಾಲು. ನಾಲ ಬಿದ್ದು ವರ್ಷಗಳಾಗಿದ್ದವು.

“ತಂಗೀ, ಇದರ ಜೋಡಿ ಒಂದದ, ಮಟಕ್ಯಾಗ. ಬಲಗಡೀದು. ಒಂದೇ ತಾಯಿ ಮಕ್ಕಳಂಗ ಅವ.”

ಆಕೆ ಕೈಯಲ್ಲಿದ್ದ ಮೇವು ಕೆಳಗಿಟ್ಟಳು. “ಖರೇನಾ ಅಣ್ಣಾ? ಹಂಗಾದ್ರ ಕರ್ಕೊಂಡು ಬರ್ರಿ!”

ಬಸ್ಸಿನಲ್ಲಿ ನಾನು ಒಬ್ಬನೇ ನಗುತ್ತ ಜೇವರ್ಗಿಗೆ ಬಂದೆ. ಬಾಗಿಲು ತೆರೆದರೆ ಒಳಗೆ ಖಾಜಾಬಿ ಉಸಿರು ಬಿಗಿ ಹಿಡಿದು ಕೂತಿದ್ದಾಳೆ, ಮಹೆಕ್ ಕಪಾಟು ಹಿಡಿದು ನಿಂತಿದ್ದಾಳೆ. ನನ್ನನ್ನು ಕಂಡು ಕಪಾಟು ಬಿಟ್ಟಳು. ಒಂದು. ಎರಡು. ಮೂರನೆಯ ಹೆಜ್ಜೆಗೆ ನನ್ನ ಮೊಣಕಾಲು ಹಿಡಿದಳು. ನಾನು ಹುಚ್ಚನ ಹಾಗೆ ಕೂಗಿದೆನಂತೆ. ಪಕ್ಕದ ಮನೆಯವರು ಓಡಿ ಬಂದರು. ಒಂದೇ ದಿನ ದೇವರು ಎರಡು ಸಲ ಕೈ ಎತ್ತಿ ಕೊಟ್ಟ ಮೇಲೆ ಮನುಷ್ಯನ ತಲೆ ನೆಟ್ಟಗೆ ಇರುವುದು ಕಷ್ಟ. ನನ್ನದು ಇರಲಿಲ್ಲ. ಅದರ ಮುಂದಿನ ತಪ್ಪೆಲ್ಲ ಆ ಖುಷಿಯದು.

ಮರುದಿನವೇ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಘತ್ತರಗಿಗೆ ಹೋಗಿ, ನಾಲ್ಕು ಜನರನ್ನು ಕೂಡಿಸಿ, ಹಗ್ಗ ಹಾಕಿ ಮುತ್ಯಾನನ್ನು ಮಲಗಿಸಿ ಎಂಟು ಹೊಸ ನಾಲ ಹೊಡೆದೆ. ಅದರ ಮರುದಿನ ಮಟಕಿಗೆ ಹೋಗಿ ಸರದಾರನಿಗೂ ಹಳೆಯದನ್ನು ತೆಗೆದು ಎಂಟು ಹೊಸವು ಹೊಡೆದೆ. ಎಲ್ಲ ನನ್ನ ಕಡೆಯಿಂದ. ಮೊಮ್ಮಗಳು ನಡೆದಿದ್ದಾಳೆ, ನನ್ನ ಎತ್ತುಗಳೂ ನಡೆಯಲಿ ಎಂಬ ಹುರುಪು. ಇಬ್ಬರಿಗೂ ಒಂದೇ ಮಾತು ಹೇಳಿದೆ, “ಜೋಡಿ ಆತು ಅಂತ ತಿಳ್ಕೋರಿ.” ಇಬ್ಬರೂ ತಿಳಿದುಕೊಂಡರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಮಾರುವ ಎತ್ತಿಗೆ ಯಾರೂ ಹೊಸ ನಾಲ ಹೊಡೆಸುವುದಿಲ್ಲ. ಕೊಂಡವನು ಮನೆಗೆ ಒಯ್ದು ಹೊಡೆಸಿಕೊಳ್ಳುತ್ತಾನೆ. ಹೊಸ ನಾಲ ಬಿತ್ತೆಂದರೆ ಆ ಎತ್ತು ಈ ಮನೆಯಲ್ಲೇ ಉಳಿಯುತ್ತದೆ ಎಂದು ಅರ್ಥ. ಇದು ಊರ ಕೂಸಿಗೂ ಗೊತ್ತು. ಅರವತ್ತು ವರ್ಷ ನಾಲ ಹೊಡೆದ ನಾನೇ ಅದನ್ನು ಮರೆತಿದ್ದೆ. ನಾನು ಸುತ್ತಿಗೆಯಿಂದ ಭೀಮಾಬಾಯಿಗೆ, ‘ನಿನ್ನ ಮುತ್ಯಾ ಎಲ್ಲಿಗೂ ಹೋಗುವುದಿಲ್ಲ’ ಎಂದು ಹೇಳಿ ಬಂದಿದ್ದೆ. ಶರಣಪ್ಪನಿಗೂ ಅದೇ ಸುತ್ತಿಗೆಯಿಂದ ಅದೇ ಮಾತು ಹೇಳಿದ್ದೆ.

ಗೊತ್ತು ಮಾಡಿದ ದಿನ ಬೆಳಿಗ್ಗೆ ಶರಣಪ್ಪ ಸಣ್ಣ ಟೆಂಪೊದಲ್ಲಿ ಸರದಾರನನ್ನು ಏರಿಸಿಕೊಂಡು ಬಂದ. ಕೊಳ್ಳುವ ಮೊದಲು ಎರಡನ್ನೂ ಕೂಡಿಸಿ ಹೂಡಿ ನಡೆಸಿ ನೋಡುವುದು ರೂಢಿ, ಅದಕ್ಕೆ. ಹೋಗುವಾಗ ಎರಡನ್ನೂ ಒಯ್ಯಬೇಕೆಂದು ಎರಡು ಹಗ್ಗ, ಎರಡು ಹೊರೆ ಮೇವು ತಂದಿದ್ದ. ಭೀಮಾಬಾಯಿ ಅಂಗಳ ಸಾರಿಸಿ, ಬೇವಿನ ಕೆಳಗೆ ಎರಡನೇ ಗೂಟ ಹೊಡೆಸಿ, ಎರಡನೇ ಕಲ್ಲಿನ ಬಾನಿಯನ್ನು ತಿಕ್ಕಿ ತೊಳೆದು ನೀರು ತುಂಬಿಸಿದ್ದಳು. ಟೆಂಪೊ ನಿಂತ ಕೂಡಲೇ ಸರದಾರನ ಹಣೆಗೆ ಕುಂಕುಮ ಹಚ್ಚಿ ಬೆಲ್ಲ ತಿನ್ನಿಸಿದಳು. ಶರಣಪ್ಪ ಬೆರಗಾಗಿ ನನ್ನ ಕಿವಿಯಲ್ಲಿ ಹೇಳಿದ, “ಭಾಳ ಛಲೋ ಮಂದಿ ಅದಾರ ಚಾಚಾ. ಮಾರವ್ರು ಇಷ್ಟು ಮರ್ಯಾದಿ ಯಾರು ಮಾಡ್ತಾರ?”

ನಾನು ಬೇವಿನ ಕೆಳಗಿನ ಎರಡನೇ ಗೂಟ ನೋಡಿದೆ, ನನ್ನ ತಪ್ಪು ಅರ್ಧ ತಿಳಿಯಿತು. ಆದರೂ ಮೊದಲು ಹೂಡೋಣ ಎಂದೆ.

ಹೂಡಿದೆವು. ಏನು ಹೇಳಲಿ! ನೊಗ ನೀರಿನ ಮೇಲೆ ಇಟ್ಟ ಹಾಗೆ ಸಮ ಕೂತಿತು. ಎರಡೂ ಒಂದನ್ನೊಂದು ಮೂಸಿದವು, ಅಷ್ಟೇ. ಸರದಾರ ಬಲಗಾಲು ಎತ್ತಿದ, ಮುತ್ಯಾ ಎಡಗಾಲು ಎತ್ತಿದ. ಹೊಲದ ಆ ತುದಿಗೆ ಹೋಗಿ, ಹೊರಳಿ, ಈ ತುದಿಗೆ ಬಂದವು. ಹದಿನಾರು ನಾಲ, ಒಂದೇ ತಾಳ. ವರ್ಷಗಟ್ಟಲೆ ಒಂಟಿ ನಿಂತ ಮುತ್ಯಾನ ಇಳಿಬಿದ್ದ ಕಿವಿ ಮುಂದಕ್ಕೆ ಹೊರಳಿದವು. ಭೀಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶರಣಪ್ಪ ಮೂಗು ಒರೆಸಿಕೊಂಡ. ನಾನು ನೆಲ ನೋಡುತ್ತಿದ್ದೆ. ಕರಿ ಮಣ್ಣಿನ ಮೇಲೆ ಎರಡು ಸಾಲು ಹೆಜ್ಜೆ, ಅಚ್ಚು ಹೊಡೆದ ಹಾಗೆ. ಹಿಂದೆ ಈ ನೆಲದ ತುಂಬ ಇದೇ ಅಚ್ಚು ಇತ್ತು.

ನೊಗ ಇಳಿಸಿದ ಮೇಲೆ ಶರಣಪ್ಪ ಮುತ್ಯಾನ ಕೊರಳಿಗೆ ಹಗ್ಗ ಹಾಕಿದ. ಅದೇ ಹೊತ್ತಿಗೆ ಭೀಮಾಬಾಯಿ ಸರದಾರನ ಮೂಗುದಾರ ಹಿಡಿದು ಬೇವಿನ ಕಡೆ ಹೊರಟಳು.

“ಅಕ್ಕಾ, ಸರದಾರನ್ನ ಎಲ್ಲಿಗಿ ಒಯ್ಯಾಕತ್ತೀರಿ?”

“ಗೂಟಕ್ಕ. ಬಿಸಲಾಗ ನಿಂದ್ರಸಬೇಕೇನೋ ತಮ್ಮಾ? ನೀ ಯಾಕ ಮುತ್ಯಾಗ ಹಗ್ಗ ಹಾಕಾಕತ್ತಿ?”

“ಏ, ಊರಿಗಿ ಹೋಗಬೇಕಲ್ರಿ.”

“ಯಾರು?”

“ಮುತ್ಯಾ. ನಮ್ಮ ಕೂಡ.”

ಟೆಂಪೊದ ಡ್ರೈವರ್ ಬೀಡಿ ಕೆಳಗೆ ಹಾಕಿ ತುಳಿದ.

“ಮುತ್ಯಾ ಹೋಗ್ತಾನಂತ ನಿನಗ್ಯಾರು ಹೇಳಿದ್ರು?” ಭೀಮಾಬಾಯಿಯ ದನಿ ಏರಿತು. “ಹೊಸಾ ನಾಲ ಹೊಡದಾನ ನಿಮ್ಮ ಚಾಚಾ. ಮಾರೂ ಎತ್ತಿಗಿ ಯಾವಾಕಿ ನಾಲ ಹೊಡಸ್ತಾಳ?”

“ಸರದಾರಗೂ ಹೊಡದಾನ್ರಿ!”

ಇಬ್ಬರೂ ನನ್ನ ಕಡೆ ತಿರುಗಿದರು. ಎತ್ತುಗಳೂ ತಿರುಗಿದವು ಎಂದು ನನಗನ್ನಿಸಿತು. ಅವತ್ತು ನನಗೆ ಮೊದಲ ಸಲ ಯಾರ ಕಾಲನ್ನೂ ನೋಡಲಾಗಲಿಲ್ಲ. ನನ್ನದೇ ಕಾಲು ನೋಡಿಕೊಂಡೆ.

ಆಮೇಲೆ ಮಧ್ಯಾಹ್ನದ ತನಕ ಆ ಬೇವಿನ ಕೆಳಗೆ ನಡೆದದ್ದನ್ನು ವಾದ ಎನ್ನುವುದಕ್ಕೆ ಬಾಯಿ ಬರುವುದಿಲ್ಲ. ಇಬ್ಬರೂ ಕೇಳಿದಷ್ಟು ಕೊಡುತ್ತೇನೆ ಎಂದರು, ಇಬ್ಬರೂ ಎಷ್ಟು ಕೊಟ್ಟರೂ ಕೊಡುವುದಿಲ್ಲ ಎಂದರು. ಅರ್ಧ ಹಂಗಾಮು ಇಲ್ಲಿ, ಅರ್ಧ ಅಲ್ಲಿ ದುಡಿಯಲಿ ಎಂದು ನಾನು ನಡುವೆ ಬಾಯಿ ಹಾಕಿದೆ. ಮಳೆ ಎರಡೂ ಊರಿಗೆ ಒಂದೇ ವಾರ ಬೀಳುತ್ತದೆ, ಬಿತ್ತುವುದೂ ಒಂದೇ ವಾರ ಎಂದು ಇಬ್ಬರೂ ಕೂಡಿ ನನ್ನನ್ನು ಬೈದರು. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತ ಇತ್ತು.

ಕೊನೆಗೆ ಭೀಮಾಬಾಯಿ ಮೆತ್ತಗೆ ಹೇಳಿದಳು. “ತಮ್ಮಾ, ಸಿಟ್ಟಾಗಬ್ಯಾಡ. ನಮ್ಮ ಮನ್ಯಾಗಿನವ್ರು ಹೋಗೂ ದಿನ ಇದರ ಮೈ ಮ್ಯಾಲ ಕೈ ಇಟ್ಟು ಹೋಗ್ಯಾರ. ಅದು ಅಂಗಳದಾಗ ನಿಂತ್ರ ನನಗ ಮನ್ಯಾಗ ಇನ್ನೊಬ್ರು ಅದಾರ ಅನಸ್ತದ.”

ಶರಣಪ್ಪ ತಲೆ ತಗ್ಗಿಸಿದ. “ತಿಳೀತ್ರಿ ಅಕ್ಕಾ. ಸರದಾರನ ತಾಯಿ ಆಕಳನ್ನ ನಮ್ಮಪ್ಪ ಮಾರಿದಾಗ ನಮ್ಮವ್ವ ಮೂರು ದಿನ ಉಣಲಿಲ್ಲ. ಸರದಾರನ್ನೂ ಕೊಟ್ಟು ನಾ ಯಾವ ಮಾರಿ ತಗೊಂಡು ಹೋಗ್ಲಿ?”

ಆಕೆ ಅವನಿಗೆ ರೊಟ್ಟಿ ಕಟ್ಟಿಕೊಟ್ಟಳು. ಸರದಾರ ಟೆಂಪೊ ಏರಲು ಒಲ್ಲೆನೆಂದ. ಬಂದಾಗ ಒಬ್ಬನೇ ಏರಿಸಿದ್ದ ಎತ್ತನ್ನು ಹೋಗುವಾಗ ಆರು ಜನ ನೂಕಬೇಕಾಯಿತು. ಟೆಂಪೊ ತಿರುವು ದಾಟುವ ತನಕ ಮುತ್ಯಾ ಹಗ್ಗ ಜಗ್ಗುತ್ತಲೇ ಇದ್ದ. ಇಡೀ ಮೂರು ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದ ಕೊನೆಯ ದೇವಣಿ ಜೋಡಿ ಹೊಲದ ಒಂದೇ ಒಂದು ಸುತ್ತು ನಡೆದು ಮುಗಿಯಿತು. ಕೊಡಲಾರದಷ್ಟು ಪ್ರೀತಿ ಮಾಡಿದವರೇ ಅದನ್ನು ಮುಗಿಸಿದರು. ಇದನ್ನು ಯಾರ ಮುಂದೆ ದೂರಲಿ? ತಪ್ಪು ನನ್ನದು ಎಂದು ಎದೆ ಬಡಿದುಕೊಳ್ಳಬಹುದು. ಆದರೆ ನಾನು ನಾಲ ಹೊಡೆಯದೆ ಇದ್ದಿದ್ದರೂ ಅವರು ಕೊಡುತ್ತಿದ್ದರೇ? ಈ ಪ್ರಶ್ನೆ ಮೊಳೆಯ ಹಾಗೆ ಒಳಗೆ ಕೂತಿದೆ. ಜೀವಕ್ಕೆ ತಾಗಿಯೇ ಕೂತಿದೆ.

ಕಾರ ಹುಣ್ಣಿಮೆ ಬಂತು, ಹೋಯಿತು. ಮಳೆಯಾಯಿತು. ಎರಡೂ ಊರಲ್ಲಿ ಟ್ರ್ಯಾಕ್ಟರ್ ಬಿತ್ತಿತು. ನಾಗರ ಪಂಚಮಿ ಮುಗಿದ ಮೇಲೆ ಇಬ್ಬರೂ, ಒಬ್ಬರಾದ ಮೇಲೆ ಒಬ್ಬರು, ನನಗೆ ಫೋನ್ ಮಾಡಿದರು. ಕೇಳಿದ್ದು ಒಂದೇ. ನಾಲ ತೆಗೆದುಬಿಡಿ.

ದುಡಿಯದ ಎತ್ತಿಗೆ ನಾಲ ಇರಬಾರದು. ಅದು ಸವೆಯುವುದಿಲ್ಲ, ಮೇಲಿನ ಗೊರಸು ಬೆಳೆಯುತ್ತದೆ, ಬೆಳೆದು ಓರೆಯಾಗಿ ಕಾಲನ್ನೇ ಕೊಲ್ಲುತ್ತದೆ. ನಾನು ಹೋದೆ. ಮೊದಲು ಮಟಕಿ, ಆಮೇಲೆ ಘತ್ತರಗಿ. ಅರವತ್ತು ವರ್ಷದಲ್ಲಿ ಸವೆದು ಹಾಳೆಯಂತಾದ ನಾಲ ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ಹೊಸ ನಾಲ ತೆಗೆದದ್ದು ಇದೇ ಮೊದಲು. ನನ್ನ ಸುತ್ತಿಗೆಯ ಗುರುತು ಕೂಡ ಮಾಸಿರಲಿಲ್ಲ. ಸರದಾರ ನಾಲ ಕಳಚಿದ ಮೇಲೆ ಎದ್ದು ನಿಂತು, ನೆಲ ಬಿಸಿ ಇದೆಯೋ ತಂಪಿದೆಯೋ ಎಂದು ಕೇಳುವ ಹಾಗೆ ಒಂದೊಂದೇ ಕಾಲು ಊರಿ ನೋಡಿದ. ಮುತ್ಯಾ ಕಾಲೂರಿದವನೇ ನದಿಯ ದಾರಿ ಹಿಡಿದ. ಕಬ್ಬಿಣ ಇಲ್ಲದ ಹೆಜ್ಜೆ, ಸಪ್ಪಳ ಇಲ್ಲ. ಭೀಮಾಬಾಯಿ ಅಂದಳು, “ಮತ್ತ ಸಪ್ಪಳಿಲ್ದಂಗ ನಡೀತಾನಲ್ಲ ಅಣ್ಣಾ, ಮನ್ಯಾಗ ಅದಾನೋ ಇಲ್ಲೋ ತಿಳೀಯಂಗಿಲ್ಲ.”

ಹದಿನಾರು ನಾಲ ಚೀಲದಲ್ಲಿ ಹಾಕಿಕೊಂಡು ಬಂದೆ. ಬಸ್ಸು ಕುಲುಕಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಮಾತಾಡುತ್ತಿದ್ದವು. ಸರದಾರನೂ ಮುತ್ಯಾನೂ ಕೊನೆಗೆ ಕೂಡಿದ್ದು ನನ್ನ ಚೀಲದಲ್ಲಿ.

ಮನೆಗೆ ಬಂದರೆ ಖಾಜಾಬಿ ಮೊಮ್ಮಗಳಿಗೆ ಬಜಾರಿನಿಂದ ಹೊಸ ಬೂಟು ತಂದಿದ್ದಳು. ಹೆಜ್ಜೆ ಇಟ್ಟಾಗಲೆಲ್ಲ ಪೀಂ ಪೀಂ ಎನ್ನುವ ಬೂಟು. ಮಹೆಕ್ ಹೆದರಿ, ಎರಡೂ ಕಾಲು ನೆಲಕ್ಕೆ ಅಂಟಿಸಿಕೊಂಡು ನಿಂತಿದ್ದಳು. ಮುಂದೂ ಇಲ್ಲ, ಹಿಂದೂ ಇಲ್ಲ. ನಾನು ಕೂತು ಅವಳ ಬೂಟು ಬಿಚ್ಚಿದೆ.

“ನಕ್ಕೋ ಜೀ, ಬ್ಯಾಡ! ಹೊಸಾವು!” ಎಂದಳು ಖಾಜಾಬಿ.

“ಇವತ್ತು ಹೊಸಾವು ತಗಿಯೂದೇ ನನ್ನ ಕೆಲಸ ಅದ.”

“ಜಿಂದಗಿ ಪೂರಾ ಕಾಲಿಗಿ ಕಬ್ಬಿಣ ಬಡದ ಮನಶಾ, ಈಗ ಮೊಮ್ಮಗಳಿಗಿ ಬೂಟು ಬ್ಯಾಡಂತ!” ಎಂದು ಹಣೆ ಬಡಿದುಕೊಂಡು ನಕ್ಕಳು.

ನಾನು ಚೀಲ ನೆಲದ ಮೇಲೆ ಸುರಿದೆ. ಯಾವುದು ಯಾರದೆಂದು ನನ್ನ ಕೈಗೆ ಗೊತ್ತು. ಸರದಾರನದೊಂದು, ಮುತ್ಯಾನದೊಂದು ಆರಿಸಿ ಪಕ್ಕಪಕ್ಕ ಇಟ್ಟೆ. ಎರಡು ಅರ್ಧ ಸೇರಿ ಒಂದು ಪೂರ್ತಿ ಗೊರಸಾಯಿತು. ಎಂಥ ಕಾಲು ಅದು! ಭೂಮಿಯ ಮೇಲೆ ಅಂಥ ಎತ್ತು ಇಲ್ಲ, ನನ್ನ ಮನೆಯ ನೆಲದ ಮೇಲೆ ಮಾತ್ರ ಅದರ ಹೆಜ್ಜೆ ಇದೆ.

ಆಮೇಲೆ ಅವೆರಡನ್ನೂ ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿದೆ. ಟಣ್. ಮಹೆಕ್ ತಲೆ ಎತ್ತಿದಳು. ಟಣ್ ಟಣ್. ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟಳು, ತಂಪು ನೆಲಕ್ಕೆ ಬೆರಳು ಅಗಲಿಸಿ ಇನ್ನೊಂದು. ನಾನು ತಟ್ಟುತ್ತ ಹಿಂದೆ ಹಿಂದೆ ಸರಿದೆ, ಅವಳು ಕೈ ಚಾಚಿ ಮುಂದೆ ಮುಂದೆ ಬಂದಳು, ಕೋಣೆ ದಾಟಿ, ಪಡಸಾಲೆ ದಾಟಿ, ಹೊಸ್ತಿಲ ತನಕ. ಅಂಗಳದ ಮಣ್ಣಿಗೆ ಇಳಿದು ನಿಂತು ನೋಡಿದೆ. ಒಂದು ಕ್ಷಣ ಹೊಸ್ತಿಲ ಮೇಲೆ ನಿಂತು ವಿಚಾರ ಮಾಡಿದಳು, ಎರಡು ಸಲ ವಿಚಾರ ಮಾಡಿದಳು ಎಂದೇ ನನಗನ್ನಿಸಿತು. ಆಮೇಲೆ ಇಳಿದಳು. ಹಸಿ ಮಣ್ಣಿನಲ್ಲಿ ಅವಳ ಪಾದ ಮೂಡಿತು. ಯಾರ ಹೆಜ್ಜೆ ಎಂದು ಈ ಸಲ ನಾನು ಹಿಂದೆ ನಿಂತು ಗುರುತು ಹಿಡಿಯಬೇಕಾಗಲಿಲ್ಲ.